ಪಂಕಜಾಕ್ಷಿಯ ಫೋನಿನಲ್ಲಿದ್ದ ಅಳತೆಗಳು

ತಿಪಟೂರಿನ ಒಂದು ಬೀದಿಯಲ್ಲಿ ಪಂಕಜಾಕ್ಷಿ ಎಂಬ ಟೈಲರ್ ಇದ್ದಳು. ಇಪ್ಪತ್ತು ವರ್ಷದಿಂದ ಹೆಂಗಸರ ರವಿಕೆ ಹೊಲಿಯುವುದೇ ಅವಳ ಕಸುಬು. ಅವಳಿಗೆ ಹೊಲಿಗೆ ಕಲಿಸಿದ ಸಾಕಮ್ಮನವರು ಮೊದಲ ದಿನವೇ ಒಂದು ಮಾತು ಹೇಳಿದ್ದರು: "ಅಳತೆ ತಗೊಂಡ ಮೇಲೆ ಬಾಯಿಗೆ ಹೊಲಿಗೆ ಹಾಕ್ಕೋಬೇಕು ಕಣಮ್ಮ. ಗಂಡನಿಗೂ ಹೇಳದ ಸಂಗತಿ ನಮ್ಮ ಟೇಪಿಗೆ ಗೊತ್ತಿರುತ್ತೆ."

ಪಂಕಜಾಕ್ಷಿ ಆ ಮಾತು ತಪ್ಪಿದವಳಲ್ಲ. ಯಾರಿಗೆ ಮೈ ಬಂತು, ಯಾರು ಸೊರಗಿದರು, ಯಾರ ಒಂದು ಭುಜ ಇಳಿಬಿದ್ದಿದೆ ಎಂಬುದು ಅವಳ ಬಾಯಿಂದ ಒಮ್ಮೆಯೂ ಹೊರಬಂದಿರಲಿಲ್ಲ. ಆ ನಂಬಿಕೆಯಿಂದಲೇ ನಲವತ್ತು ಹೆಂಗಸರು ತಮ್ಮ ಅಳತೆ ರವಿಕೆಗಳನ್ನು ಅವಳ ಬೀರುವಿನಲ್ಲೇ ಬಿಟ್ಟಿದ್ದರು. ಅವಳ ಅನ್ನ, ಅವಳ ಮರ್ಯಾದೆ ಎರಡೂ ಆ ಬೀರುವಿನಲ್ಲಿದ್ದವು.

ಇಷ್ಟೆಲ್ಲ ಇದ್ದೂ ಅವಳಿಗೆ ನೆಮ್ಮದಿ ಇರಲಿಲ್ಲ. ಎದುರು ಮನೆಯಲ್ಲಿ ವನಮಾಲ ಇದ್ದಳಲ್ಲ!

ವನಮಾಲಳೂ ಸಾಕಮ್ಮನವರ ಹತ್ತಿರವೇ ಕಲಿತವಳು. ಮೂರು ವರ್ಷದ ಹಿಂದೆ ಎದುರಿಗೇ ಮಿಷನ್ ಹಾಕಿಕೊಂಡು ಕೂತಳು. ಕೆಲಸ ಅಷ್ಟಕ್ಕಷ್ಟೆ, ಅವಳು ಹೊಲಿದ ರವಿಕೆಗೆ ಕಂಕುಳಲ್ಲಿ ಸುಕ್ಕು ಬೀಳುತ್ತಿತ್ತು. ಆದರೆ ಬೆನ್ನಿನ ಮೇಲೆ ಒಮ್ಮೆ ಗಿಳಿ ಕೂರಿಸುತ್ತಿದ್ದಳು, ಇನ್ನೊಮ್ಮೆ ಮಡಕೆಯ ಕತ್ತು ಇಡುತ್ತಿದ್ದಳು, ತಿಂಗಳಿಗೊಂದು ಹೊಸ ನಮೂನೆ. ಪಂಕಜಾಕ್ಷಿ ಮಿಷನ್ ತುಳಿಯುತ್ತಲೇ ಎದುರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಎಣಿಸುತ್ತಿದ್ದಳು. ನಾಲ್ಕು ಜೊತೆ ಕಂಡರೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಆರು ಜೊತೆ ಕಂಡ ದಿನ ಸೂಜಿ ಬೆರಳಿಗೆ ಚುಚ್ಚುತ್ತಿತ್ತು.

'ಇವಳಿಗೆ ಇವೆಲ್ಲ ಎಲ್ಲಿಂದ ಸಿಗುತ್ತವೆ? ಫೋನಿನಲ್ಲಿ ಎಲ್ಲೋ ಗುಟ್ಟಾಗಿ ನೋಡುತ್ತಾಳೆ' ಎಂದು ಅವಳ ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಆ ಉರಿಯಲ್ಲೇ ತನ್ನ ಫೋನಿನಲ್ಲಿ ವನಮಾಲಳ ಹೆಸರನ್ನು ತಿದ್ದಿ 'ಡಿಸೈನ್ ಕಳ್ಳಿ ವನಮಾಲ' ಎಂದು ಬರೆದಿಟ್ಟಳು. ಫೋನಿನೊಳಗೆ ಯಾರು ನೋಡುತ್ತಾರೆ ಎಂಬ ಧೈರ್ಯ.

ಆ ಫೋನಿನಲ್ಲಿ ಇನ್ನೊಂದು ಸಂಗತಿಯೂ ಇತ್ತು. ಗಿರಾಕಿಗಳು ಫೋನ್ ಮಾಡಿದಾಗ ಅಳತೆ ಪುಸ್ತಕ ಹುಡುಕುತ್ತ ಕೂರುವುದು ಬೇಡವೆಂದು ಪಂಕಜಾಕ್ಷಿ ಹೆಸರಿನ ಜೊತೆಗೇ ಅಳತೆಯನ್ನೂ ಬರೆದು ಉಳಿಸಿದ್ದಳು. 'ಗಂಗಾಂಬಿಕೆ ಟೀಚರ್ ಎದೆ 42 ತೋಳು ದಪ್ಪ ಹುಕ್ ಮುಂದೆ'. ಹೀಗೆ ನಲವತ್ತು ಹೆಸರು.

ಒಮ್ಮೆ ಅವಳು ಸೇರಿದ್ದ ಮಹಿಳಾ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. 'ಈ ಹೊಸ ಬ್ರೌಸರ್ ಹಾಕಿಕೊಳ್ಳಿ. ಯಾರ ನಂಬರ್ ಕೊಟ್ಟರೂ ಅವರು ಫೋನಿನಲ್ಲಿ ಏನು ನೋಡುತ್ತಾರೆಂದು ತೋರಿಸುತ್ತದೆ. ಪೂರ್ತಿ ಉಚಿತ.'

ಪಂಕಜಾಕ್ಷಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಾಕಿಕೊಂಡಳು. ಅದು ಕೇಳಿತು: ನಿಮ್ಮ ಫೋನಿನ ಹೆಸರು, ನಂಬರುಗಳನ್ನು ನೋಡಬಹುದೇ? ಅನುಮತಿಸಿ ಎಂದು ಒತ್ತಿದಳು. ಅವನ್ನು ನಮ್ಮ ಜೊತೆಗಾರ ಕಂಪನಿಗಳಿಗೆ ಕೊಡಬಹುದೇ? ಅದಕ್ಕೂ ಒತ್ತಿದಳು. ಕನ್ನಡಕವಿಲ್ಲದೆ ಟೇಪಿನ ಅರ್ಧ ನೂಲಿನ ಗೆರೆಯನ್ನೂ ಓದುವ ಹೆಂಗಸು ಆ ಎರಡು ಸಾಲು ಓದಲಿಲ್ಲ. ಅವಳ ಕಣ್ಣೆಲ್ಲ ಎದುರು ಮನೆಯ ಮೇಲಿತ್ತು.

ವನಮಾಲಳ ನಂಬರ್ ಕೊಟ್ಟಳು. ಪರದೆಯ ಮೇಲೆ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಮೂರು ದಿನ ನೋಡಿ, ಬೈದುಕೊಂಡು ಸುಮ್ಮನಾದಳು.

ವಾರ ಕಳೆಯಿತು. ಒಂದು ಸಂಜೆ ಗಂಗಾಂಬಿಕೆ ಟೀಚರ್ ಶಾಲೆಯಿಂದ ನೇರವಾಗಿ ಅಂಗಡಿಗೆ ಬಂದರು. ಮುಖ ಕೆಂಪಗಿತ್ತು.

"ಪಂಕಜಾ, ಇವತ್ತು ಮೂರನೇ ಕ್ಲಾಸಿನ ಹುಡುಗಿ ಎಲ್ಲರ ಮುಂದೆ ಎದ್ದು ನಿಂತು ಕೇಳಿದ್ಲು. ಮಿಸ್, ನೀವು ನಮ್ಮಪ್ಪಂಗೆ ಫೋನ್ ಮಾಡಿದಾಗ ನಿಮ್ಮ ಹೆಸರಿನ ಪಕ್ಕ ಎದೆ 42 ಅಂತ ಬಂತು, ಅಂದ್ರೇನು ಅಂತ. ಏನು ಹೇಳ್ಲಿ ಆ ಮಗೂಗೆ?"

ಪಂಕಜಾಕ್ಷಿಯ ಹೊಟ್ಟೆಕಿಚ್ಚು ನಾಲಿಗೆಯ ತುದಿಯಲ್ಲೇ ಇತ್ತಲ್ಲ, ಅದೇ ಮೊದಲು ಹೊರಬಿತ್ತು.

"ಇದು ಆ ವನಮಾಲಂದೇ ಕೆಲಸ ಟೀಚರ್! ನನ್ನ ಗಿರಾಕಿಗಳನ್ನ ಕೀಳೋಕೆ ಹೀಗೆ ಮಾಡಿದ್ದಾಳೆ."

"ವನಮಾಲಂಗೆ ನನ್ನ ಅಳತೆ ಕೊಟ್ಟೇ ಇಲ್ವಲ್ಲ?" ಎಂದರು ಟೀಚರ್.

ಅಷ್ಟರಲ್ಲಿ ವನಮಾಲಳೇ ಬೀದಿ ದಾಟಿ ಬಂದಳು. ಅವಳ ಕಣ್ಣು ತುಂಬಿತ್ತು. "ಪಂಕಜಕ್ಕ, ಹೊಸ ಗಿರಾಕಿ ಒಬ್ಬರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಆಮೇಲೆ ಮನೆಗೇ ಹೋದ್ರೆ, ಅವರ ಫೋನಲ್ಲಿ ನನ್ನ ನಂಬರಿಗೆ 'ಡಿಸೈನ್ ಕಳ್ಳಿ' ಅಂತ ಬಂದಿತ್ತಂತೆ. ನಾನು ಯಾರದ್ದು ಕದ್ದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪಂಕಜಾಕ್ಷಿಯ ಕೈ ತಾನೇ ತಾನಾಗಿ ಮಿಷನ್ ಮೇಲಿದ್ದ ಫೋನನ್ನು ಮುಚ್ಚಿತು. ಟೀಚರ್ ಅದನ್ನು ಕಂಡರು. "ತೆಗಿ ನೋಡೋಣ" ಎಂದರು. ತೆಗೆದಳು. ಎಲ್ಲ ಹಾಗೆಯೇ ಇತ್ತು, ಅವಳೇ ಬರೆದ ಮಾತಿನಲ್ಲಿ.

ಆ ಬ್ರೌಸರ್ ಅವಳ ಹೆಸರುಗಳ ಪಟ್ಟಿಯನ್ನು ಹೊತ್ತೊಯ್ದು, ಗುರುತಿಲ್ಲದ ನಂಬರಿಗೆ ಹೆಸರು ತೋರಿಸುವ ಇನ್ನೊಂದು ಕಂಪನಿಗೆ ಕೊಟ್ಟಿತ್ತು. ಇಪ್ಪತ್ತು ವರ್ಷ ಅವಳ ಬಾಯಿ ಕಾಪಾಡಿದ್ದನ್ನು ಅವಳ ಬೆರಳು ಎರಡು ಒತ್ತಿನಲ್ಲಿ ಊರಿಗೆ ಹಂಚಿತ್ತು.

ಅವಳು ಮೊಬೈಲ್ ಅಂಗಡಿಗೆ ಓಡಿದಳು. ಅಲ್ಲಿನ ಬಷೀರಣ್ಣ ಬ್ರೌಸರನ್ನು ತೆಗೆದುಹಾಕಿ ಹೇಳಿದ: "ನಿಮ್ಮ ಫೋನಿಂದ ಹೋಯ್ತು ಅಕ್ಕ. ಅವರ ಹತ್ರ ಹೋಗಿದ್ದು ಅಲ್ಲೇ ಇದೆ. ಅಳಿಸಿ ಅಂತ ಬರ್ದು ಹಾಕಿದ್ದೀನಿ, ಯಾವಾಗ ಅಳಿಸ್ತಾರೋ." ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು.

ಮರುದಿನದಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಯಾರೂ ಜಗಳವಾಡಲಿಲ್ಲ. "ನಮ್ಮ ಅಳತೆ ರವಿಕೆ ಕೊಟ್ಬಿಡಿ" ಎಂದಷ್ಟೇ ಕೇಳಿ ತೆಗೆದುಕೊಂಡು ಹೋದರು. ಒಬ್ಬೊಬ್ಬರ ಮುಂದೆಯೂ ಪಂಕಜಾಕ್ಷಿ ತಪ್ಪಾಯಿತು ಎಂದು ಕೈಮುಗಿದಳು. ಬೀರು ಖಾಲಿಯಾಯಿತು. ಟೀಚರ್ ತಮ್ಮ ರವಿಕೆ ಹಿಡಿದು ನೇರವಾಗಿ ಎದುರು ಮನೆಗೆ ಹೋದರು. ಆ ದಿನ ಅಲ್ಲಿ ಒಂಬತ್ತು ಜೊತೆ ಚಪ್ಪಲಿ ಇದ್ದವು. ಅವರನ್ನೆಲ್ಲ ಅಲ್ಲಿಗೆ ಕಳಿಸಿದವಳು ತಾನೇ ಎಂದು ಪಂಕಜಾಕ್ಷಿಗೆ ಅಳು ಬಂತು.

ಹದಿನೈದು ದಿನ ಮಿಷನ್ ಸುಮ್ಮನಿತ್ತು. ಹದಿನಾರನೆಯ ದಿನ ಬಾಗಿಲಲ್ಲಿ ಒಂದೇ ಒಂದು ಜೊತೆ ಚಪ್ಪಲಿ ಕಂಡಿತು. ಒಳಗೆ ಬಂದವಳು ವನಮಾಲ. ಕೈಯಲ್ಲಿ ರವಿಕೆ ಕಣ ಇತ್ತು.

"ನನಗೊಂದು ಹೊಲಿದುಕೊಡಿ ಅಕ್ಕ."

"ನಿನಗೆ ಬರಲ್ವಾ?" ಎಂದಳು ಪಂಕಜಾಕ್ಷಿ ತಲೆ ಎತ್ತದೆ.

"ನಾನು ಹೊಲಿದ್ರೆ ಕಂಕುಳಲ್ಲಿ ಸುಕ್ಕು ಬೀಳುತ್ತೆ. ನೀವು ಕೂರಿಸೋ ಹಾಗೆ ನನಗೆ ಬರಲ್ಲ. ಅದನ್ನ ನೋಡಿ ಎಷ್ಟು ಸಲ ಹೊಟ್ಟೆ ಉರ್ಕೊಂಡಿದ್ದೀನೋ!"

ಪಂಕಜಾಕ್ಷಿ ಬೆರಗಾಗಿ ಅವಳ ಮುಖ ನೋಡಿದಳು. ಮೆಲ್ಲಗೆ ಕೇಳಿದಳು: "ಆ ಗಿಳಿ, ಆ ಮಡಕೆ ಕತ್ತು... ಎಲ್ಲಿ ನೋಡ್ತೀಯೇ ಅವನ್ನೆಲ್ಲ?"

"ಎಲ್ಲೂ ಇಲ್ಲ. ಮನಸ್ಸಲ್ಲಿ ಏನಿದೆ ಹೇಳಿ ಅಂತ ಬಂದವರನ್ನೇ ಕೇಳ್ತೀನಿ. ಅವರು ಹೇಳಿದ್ದನ್ನ ಹೊಲೀತೀನಿ. ನೀವು ಕೇಳಿದ್ರೆ ಅವತ್ತೇ ಹೇಳ್ತಿದ್ದೆನಲ್ಲ." ಹಾಗೆಂದು ಕೈ ಎತ್ತಿ ನಿಂತಳು. "ಅಳತೆ ತಗೊಳ್ಳಿ. ಪುಸ್ತಕದಲ್ಲೇ ಬರೀರಿ, ಫೋನಲ್ಲಿ ಬೇಡ."

ಪಂಕಜಾಕ್ಷಿ ಟೇಪು ಹಿಡಿದಳು. ವನಮಾಲಳ ಸೊಂಟ ತನ್ನದಕ್ಕಿಂತ ನಾಲ್ಕು ಇಂಚು ಸಣ್ಣ! ಹೊಟ್ಟೆಯಲ್ಲಿ ಹಳೆಯ ಉರಿ ಒಮ್ಮೆ ಚುರ್ರೆಂದಿತು. ಪುಸ್ತಕದಲ್ಲಿ ಬರೆದು ಮುಚ್ಚಿದಳು. ಆ ಸೊಂಟದ ಅಳತೆ ಎಷ್ಟೆಂದು ಇವತ್ತಿಗೂ ಅವಳು ಯಾರಿಗೂ ಹೇಳಿಲ್ಲ.

ನೀತಿ: ಅಸೂಯೆಯಿಂದ ಪರರ ಮನೆಯೊಳಗೆ ಇಣುಕಲು ಹೋದವರು ತಮ್ಮ ಮನೆಯ ಬಾಗಿಲು ತೆರೆದಿಟ್ಟೇ ಹೋಗುತ್ತಾರೆ. ನಮ್ಮ ಫೋನಿನಲ್ಲಿರುವ ಹೆಸರು, ನಂಬರುಗಳು ನಮ್ಮನ್ನು ನಂಬಿದವರು ಇಟ್ಟುಹೋದ ಅಳತೆ ರವಿಕೆಗಳು. 'ಅನುಮತಿಸಿ' ಎಂದು ಒತ್ತುವ ಮುನ್ನ, ಅದು ಯಾರ ರವಿಕೆ ಎಂದು ಒಮ್ಮೆ ನೋಡಿಕೊಳ್ಳಿ.