ಮಾತು ಬಾರದ ಚಿಟ್ಟುಗಿಳಿ

ಬೆಟ್ಟದ ತಪ್ಪಲಿನ ಪೇಟೆಯೊಂದರಲ್ಲಿ ಮಾದಶೆಟ್ಟಿ ಎಂಬ ಬಟ್ಟೆ ವ್ಯಾಪಾರಿ ಇದ್ದ. ಮನೆಯ ಮುಂಭಾಗವೇ ಅವನ ಅಂಗಡಿ. ಬಾಗಿಲಲ್ಲಿ ಮಾತಾಡುವ ಗಿಳಿಯೊಂದಿದ್ದರೆ ಗಿರಾಕಿಗಳು ಹೆಚ್ಚುತ್ತಾರೆ ಎಂದು ಅವನಿಗೆ ಆಸೆ. ಒಮ್ಮೆ ಕಾಡಿನ ಕಡೆಯಿಂದ ಬಂದವನೊಬ್ಬ ಪಂಜರದಲ್ಲಿ ಒಂದು ಹಸಿರು ಗಿಳಿ ತಂದ. ಗುಬ್ಬಚ್ಚಿಯಷ್ಟೇ ಇತ್ತು. ಮೋಟು ಬಾಲ, ಬೆನ್ನಿನ ಕೆಳಗೆ ಕುಂಕುಮದಂಥ ಕೆಂಪು.

"ಇನ್ನೂ ಮರಿ ಸ್ವಾಮಿ. ಬೆಳೆದ್ರೆ ಚೆನ್ನಾಗಿ ಮಾತಾಡುತ್ತೆ," ಅಂದ ಮಾರುವವನು.

ಅದು ಸುಳ್ಳು. ಅದು ಬೆಳೆದ ಹಕ್ಕಿಯೇ. ಮೇಲಿನ ಕಾಡುಗಳ ಚಿಟ್ಟುಗಿಳಿ ಇರುವುದೇ ಅಷ್ಟು. ಮನುಷ್ಯರ ಮಾತು ಅದಕ್ಕೆ ಬರುವುದಿಲ್ಲ.

ಮಾದಶೆಟ್ಟಿ ದಿನವೂ ಪಂಜರದ ಮುಂದೆ ಕೂತು "ಬನ್ನಿ, ಕೂತ್ಕೊಳ್ಳಿ" ಎಂದು ಹೇಳಿಕೊಟ್ಟ. ಹಕ್ಕಿ "ಚೀ-ಚೀ-ಚೀ" ಅನ್ನುತ್ತಿತ್ತು, ಅಷ್ಟೇ. ಕತ್ತಲಾಗುವ ಹೊತ್ತಿಗೆ ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡಿ ನಿದ್ದೆ ಹೋಗುತ್ತಿತ್ತು. ನೋಡಿದ ಗಿರಾಕಿಗಳು ನಕ್ಕರು. ಶೆಟ್ಟಿ ಬೇಸರಗೊಂಡು ಪಂಜರವನ್ನು ಹಿತ್ತಲ ಜಗುಲಿಗೆ ಸಾಗಿಸಿದ.

ಆ ಹಿತ್ತಲಲ್ಲಿ ದಿನ ಕಳೆಯುತ್ತಿದ್ದವಳು ಶೆಟ್ಟಿಯ ಸೊಸೆ ಬೊಮ್ಮಿ. ಅವಳು ಬೆಟ್ಟದ ಮೇಲೆ ಕಾಡಿನ ಜನರಿರುವ ಹಾಡಿಯವಳು. ಶೆಟ್ಟಿಯ ಮಗ ಬಟ್ಟೆ ಮಾರಲು ಅಲ್ಲಿಗೆ ಹೋದಾಗ ಮೆಚ್ಚಿ ಮದುವೆಯಾಗಿ ಕರೆತಂದಿದ್ದ. ಈಗ ಅವನು ವ್ಯಾಪಾರಕ್ಕೆಂದು ಊರೂರು ಸುತ್ತುತ್ತ, ಅಪರೂಪಕ್ಕೆ ಮನೆಗೆ ಬರುತ್ತಿದ್ದ. ಬೊಮ್ಮಿಯ ಭಾಷೆ ಬೇರೆ. ಮನೆಯವರು ಅವಳಿಗೆ ಊಟ ಬಟ್ಟೆಯಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ಗಟ್ಟಿಯಾಗಿ ಗದರಿದವರೂ ಇಲ್ಲ. ಅವರು ಏನಾದರೂ ಕೇಳಿದರೆ ಅವಳು "ಹೂಂ" ಅಥವಾ "ಇಲ್ಲ" ಅಂದು ಕೆಲಸಕ್ಕೆ ತಿರುಗುತ್ತಿದ್ದಳು. ಅತ್ತೆ ಸಣ್ಣತಾಯಮ್ಮ ನೆರೆಯವರ ಮುಂದೆ, "ನಮ್ಮ ಸೊಸೆ ಬಲು ಗಂಭೀರ, ಮಾತೇ ಕಡಿಮೆ," ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಸಣ್ಣತಾಯಮ್ಮನಿಗೆ ಹಿತ್ತಲಿಂದ ಯಾರೋ ಮಾತಾಡುವುದು ಕೇಳಿಸಿತು. ನಿಲ್ಲದ ಮಾತು, ನಡುನಡುವೆ ನಗು. ಬೆಟ್ಟದಿಂದ ನೆಂಟರು ಬಂದರೇನೋ ಎಂದು ಎದ್ದು ಹೋಗಿ ನೋಡಿದಳು. ಬೊಮ್ಮಿ ಒಬ್ಬಳೇ ಇದ್ದಳು. ಬಾಳೆಯ ಹೂವನ್ನು ಪಂಜರಕ್ಕೆ ಸಿಕ್ಕಿಸುತ್ತ ಹಕ್ಕಿಯೊಂದಿಗೆ ಮಾತಾಡುತ್ತಿದ್ದಳು. ಅತ್ತೆಯನ್ನು ಕಂಡು ಸುಮ್ಮನಾದಳು.

"ಅದಕ್ಕೆ ಏನ್ ಹೇಳ್ತಿದ್ದೆ ಮಗಳೇ?"

ಬೊಮ್ಮಿ ಪದಗಳಿಗಾಗಿ ಹುಡುಕಾಡಿದಳು. "ಇದು ನಮ್ಮ ಕಾಡಿಂದು ಅತ್ತೆ. ಹೆದರಬೇಡ, ಇಲ್ಲಿ ಯಾರೂ ಹೊಡೆಯಲ್ಲ ಅಂದೆ. ಆದರೆ ಕೂಗಿದರೆ ತಿರುಗಿ ಕೂಗೋರು ಇಲ್ಲ ಅಂದೆ."

ಆ ವಾರವೇ ಹಕ್ಕಿ ಕೂಗುವುದನ್ನು ಬಿಟ್ಟಿತು, ಹೂವನ್ನೂ ಮುಟ್ಟಲಿಲ್ಲ. ಅದು ಸಾಯುವುದನ್ನು ನೋಡಲಾರದೆ ಸಣ್ಣತಾಯಮ್ಮ ಗಂಡನನ್ನು ಒಪ್ಪಿಸಿ, ಸೊಸೆಯೊಂದಿಗೆ ಪಂಜರ ಹಿಡಿದು ಬೆಟ್ಟ ಹತ್ತಿದಳು.

ಹಾಡಿಯವರು ಬೀಗಿತಿಗೆ ಚಾಪೆ ಹಾಸಿದರು. ಸುಟ್ಟ ಗೆಣಸು, ಜೇನು ತಂದಿಟ್ಟರು. ಆಮೇಲೆ ಎಲ್ಲರೂ ಬೊಮ್ಮಿಯನ್ನು ಸುತ್ತುವರಿದು ಮಾತಿಗೆ ಕೂತರು. ಅವರು ನಕ್ಕಾಗ ಸಣ್ಣತಾಯಮ್ಮನೂ ನಕ್ಕಳು, ಯಾಕೆಂದು ತಿಳಿಯದೆ. ಯಾರೋ ತನ್ನತ್ತ ನೋಡಿ ಏನೋ ಅಂದರು. ತನ್ನ ಬಗ್ಗೆಯೇ ಇರಬೇಕೆಂದು ಸೆರಗು ಸರಿಮಾಡಿಕೊಂಡಳು. ಮುದುಕಿಯೊಬ್ಬಳು ಹತ್ತಿರ ಬಂದು ಪ್ರೀತಿಯಿಂದ ಏನನ್ನೋ ಕೇಳಿದಳು. ಸಣ್ಣತಾಯಮ್ಮ "ಹೂಂ" ಅಂದಳು. ಮುದುಕಿ ಮತ್ತೆ ಕೇಳಿದಳು. ಮತ್ತೆ "ಹೂಂ". ಮುದುಕಿ ಪಾಪ ಅನ್ನುವಂತೆ ಅವಳ ಕೈ ತಟ್ಟಿ ಎದ್ದು ಹೋದಳು.

ಸಣ್ಣತಾಯಮ್ಮ ಮೆಲ್ಲಗೆ ಎದ್ದು, ಪಂಜರವಿದ್ದ ಮರದ ಬುಡಕ್ಕೆ ಹೋಗಿ ಕೂತಳು. ಯಾರೂ ಅವಳನ್ನು ನೋಯಿಸಿರಲಿಲ್ಲ. ಆದರೂ ಮನೆಗೆ ಓಡಿಹೋಗಬೇಕು ಅನ್ನಿಸಿತು.

ಬೊಮ್ಮಿ ಹುಡುಕಿಕೊಂಡು ಬಂದಳು. "ಯಾಕೆ ಅತ್ತೆ, ಒಬ್ಬರೇ?"

"ನನಗೆ ಒಂದು ಮಧ್ಯಾಹ್ನಕ್ಕೇ ಹೀಗಾಯ್ತು. ನೀನು ನಮ್ಮ ಮನೇಲಿ ವರ್ಷಗಟ್ಟಲೆ ಹೀಗೇ ಇದ್ಯಲ್ಲೇ," ಅಂದಳು ಸಣ್ಣತಾಯಮ್ಮ. "ಅದನ್ನ ನಾನು ಗಂಭೀರ ಅಂದ್ಕೊಂಡೆ."

ಬೊಮ್ಮಿ ಅತ್ತೆಯ ಪಕ್ಕದಲ್ಲಿ ಕೂತು ಪಂಜರದ ಬಾಗಿಲು ತೆಗೆದಳು. ಹಕ್ಕಿ ಬಹಳ ಹೊತ್ತು ಹೊರಬರಲಿಲ್ಲ. ಕೊನೆಗೆ ಹೊಸ್ತಿಲಿಗೆ ಬಂದು ಕೂಗಿತು. ಎತ್ತರದ ಕೊಂಬೆಗಳಿಂದ ಅದೇ ದನಿಯಲ್ಲಿ ಒಂದು ಕೂಗು ಬಂತು. ಹಕ್ಕಿ ಹಾರಿ ಎಲೆಗಳೊಳಗೆ ಸೇರಿತು. ಆಮೇಲೆ ಯಾವುದು ಅದು, ಯಾವುದು ಎಲೆ ಎಂದು ಗೊತ್ತಾಗಲಿಲ್ಲ.

ಬೆಟ್ಟ ಇಳಿಯುವಾಗ ಸಣ್ಣತಾಯಮ್ಮ ಕಲ್ಲು, ತೊರೆ, ಜರೀಗಿಡ ಒಂದೊಂದನ್ನೂ ತೋರಿಸಿ, "ಇದಕ್ಕೆ ನಿಮ್ಮಲ್ಲಿ ಏನಂತಾರೆ?" ಎಂದು ಕೇಳುತ್ತ ಬಂದಳು. ಮನೆ ಸೇರುವಷ್ಟರಲ್ಲಿ ಮುಕ್ಕಾಲು ಮರೆತಿತ್ತು. ಬೆಳಿಗ್ಗೆ ಒಲೆ ಹಚ್ಚುತ್ತ ಮತ್ತೆ ಕೇಳಿದಳು. ಬೊಮ್ಮಿ ಮತ್ತೆ ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು, ಯಾರೂ ಕೇಳದೆಯೇ, ತಾನು ಚಿಕ್ಕವಳಿದ್ದಾಗ ಅಪ್ಪನೊಂದಿಗೆ ಜೇನು ಹುಡುಕಿ ದಾರಿ ತಪ್ಪಿದ ಕಥೆಯನ್ನು ಅರ್ಧ ಆ ಭಾಷೆಯಲ್ಲಿ, ಅರ್ಧ ಈ ಭಾಷೆಯಲ್ಲಿ ಹೇಳತೊಡಗಿದಳು.

ನೀತಿ: ಅನ್ನ, ಬಟ್ಟೆ, ಸೂರು ಕೊಟ್ಟ ಮಾತ್ರಕ್ಕೆ ಒಬ್ಬರ ಒಂಟಿತನ ಹೋಗುವುದಿಲ್ಲ. ಅವರ ಮಾತಿಗೆ ಕಿವಿಗೊಟ್ಟು, ಅದನ್ನು ಒಂದಿಷ್ಟಾದರೂ ಕಲಿತು ಮರುಮಾತಾಡುವವರು ಬೇಕು. ಸುಮ್ಮನಿರುವವರಿಗೆಲ್ಲ ಹೇಳಲು ಏನೂ ಇಲ್ಲ ಎಂದುಕೊಳ್ಳಬಾರದು.