ಟವೆಲ್ ಹಾಕಿದ ಕುರ್ಚಿ

ಶಿಷ್ಯನೊಬ್ಬ ಗುರುಗಳ ಮುಂದೆ ಬಂದು ನಿಂತು ಕೇಳಿದ: "ಗುರುಗಳೇ, ಮನುಷ್ಯ ತಾನಿರುವ ಜಾಗದಿಂದ ಮೇಲಿನ ಜಾಗಕ್ಕೆ ಹೋಗುವುದು ಹೇಗೆ?"

ಗುರುಗಳು ಕಡಲೆಕಾಯಿ ಸುಲಿಯುತ್ತಿದ್ದರು. ಪ್ರಶ್ನೆ ಬಹಳ ದೊಡ್ಡದಾಗಿ ಕೇಳಿಸಿತು. ಹಾಗಾಗಿ, ಇದರ ಒಳಗಿರುವ ಸಣ್ಣ ಪ್ರಶ್ನೆ ಯಾವುದಪ್ಪಾ ಎಂದು ವಿಚಾರಿಸಿದರು.

ಶಿಷ್ಯ ಒಪ್ಪಿಕೊಂಡ. ಮಠದಲ್ಲಿ ಕೆರೆಯ ಕಡೆಗೆ ಕಿಟಕಿಯಿರುವ ಕೋಣೆ ಹೋದ ವಾರ ಖಾಲಿಯಾಗಿತ್ತು. ಅವನಿಗೆ ಎಂಟು ತಿಂಗಳಿಂದ ಅಡುಗೆಮನೆಯ ಹಿಂದಿನ ಕೋಣೆ. ಅದಕ್ಕೆ ಕಿಟಕಿಯಿಲ್ಲ. ಜೊತೆಗಿರುವವರು ವಯಸ್ಸಾದವರು, ಹೊತ್ತು ಗೊತ್ತಿಲ್ಲದೆ ಕೆಮ್ಮುತ್ತಾರೆ. ಕಿಟಕಿಯೊಂದಿದ್ದರೆ ಧ್ಯಾನ ಇನ್ನೂ ಚೆನ್ನಾಗಿ ಆದೀತು ಎಂದು ಅವನ ಎಣಿಕೆ.

ಗುರುಗಳು ಅವನಿಗೂ ಒಂದು ಬೊಗಸೆ ಕಾಯಿ ಕೊಟ್ಟು, ಸುಲಿಯುತ್ತಾ ಕೇಳು ಎಂದರು.

ಒಬ್ಬ ವ್ಯಾಪಾರಿಯಿದ್ದ. ಪೇಟೆಯ ಒಳಗಲ್ಲಿಯಲ್ಲಿ ಅವನ ಪಾತ್ರೆ ಅಂಗಡಿ. ಮೂರು ಕಡೆ ಗೋಡೆ, ಎದುರಿಗೆ ಇನ್ನೊಂದು ಪಾತ್ರೆ ಅಂಗಡಿ. ಅಂಗಡಿ ಇಟ್ಟ ಹೊಸದರಲ್ಲಿ ಅವನು ಒಂದು ದಿನ ಕಾಫಿ ಕುಡಿಯಲು ಗಲ್ಲಾ ಬಿಟ್ಟು ಎದ್ದಿದ್ದ. ಬರುವಷ್ಟರಲ್ಲಿ ಮದುವೆ ಮನೆಯವರು ಬಂದು, ಇವನನ್ನು ಕಾಣದೆ, ಎದುರಂಗಡಿಯಲ್ಲಿ ಕೊಪ್ಪರಿಗೆಯಿಂದ ಹಿಡಿದು ಸೌಟಿನವರೆಗೆ ಎಲ್ಲವನ್ನೂ ಕೊಂಡು ಗಾಡಿಗೆ ಏರಿಸುತ್ತಿದ್ದರು. ಗಿರಾಕಿ ಬರುವುದೇ ನಾವು ಎದ್ದುಹೋದಾಗ ಎಂಬುದು ಅಂದು ಅವನ ಮನಸ್ಸಿಗೆ ನಾಟಿತು.

ಆಮೇಲೆ ಅವನು ಏಳಲಿಲ್ಲ. ಊಟ ಕ್ಯಾರಿಯರಿನಲ್ಲಿ ಬರುತ್ತಿತ್ತು. ತಮ್ಮನ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ, ಎಲೆ ಹಾಕುವ ಮುಂಚೆ ಬಂದಿದ್ದ. ತಾನು ಮದುವೆಯಾಗಬಾರದೆಂದು ಅವನೇನೂ ತೀರ್ಮಾನಿಸಿರಲಿಲ್ಲ. ಹೆಣ್ಣು ನೋಡಲು ಹೋಗಬೇಕಾದರೆ ಅಂಗಡಿ ಮುಚ್ಚಬೇಕಾಗಿತ್ತು, ಅಷ್ಟೆ. ಗಲ್ಲಾದ ಮೇಲೆ ಇನ್ನೊಬ್ಬರನ್ನು ಅವನು ಒಂದು ಗಳಿಗೆಯೂ ಕೂರಿಸಿದವನಲ್ಲ.

ಹೀಗೆ ಮೂವತ್ತೆರಡು ವರ್ಷವಾಯಿತು. ಮಂಡಿ ಹಿಡಿದುಕೊಂಡಿತು. ಅಂಗಡಿಯನ್ನು ಎದುರಂಗಡಿಯವನಿಗೇ ವಹಿಸಿಕೊಟ್ಟ. ಅಷ್ಟು ವರ್ಷ ಪಾತ್ರೆಗಳ ಸದ್ದಿನಲ್ಲಿ, ಜನರ ಚೌಕಾಸಿಯಲ್ಲಿ ಕೂತವನಿಗೆ ಈಗ ಉಳಿದಿದ್ದದ್ದು ಒಂದೇ ಆಸೆ. ಒಂದು ಕಿಟಕಿಯ ಮುಂದೆ ಕೂರಬೇಕು. ಕಿಟಕಿಯಾಚೆ ಗೋಡೆಯಾಗಲಿ ಎದುರಂಗಡಿಯಾಗಲಿ ಇರಬಾರದು. ಸಮುದ್ರವಿರಬೇಕು. ಯಾರೂ ಮಾತಾಡಿಸಬಾರದು.

ಐದು ದಿನ ಸಮುದ್ರದಲ್ಲಿ ತಿರುಗಿಸಿ ತರುವ ದೊಡ್ಡ ಹಡಗೊಂದಿತ್ತು. ಟಿಕೆಟ್ ಮಾಡಿಕೊಟ್ಟವನು ಒಂದು ಉಪಾಯ ಹೇಳಿದ. ಕೆಳಗಿನ ಅಂತಸ್ತಿನಲ್ಲಿ, ಕಿಟಕಿಯಿಲ್ಲದ, ಇಬ್ಬರಿಗೊಂದು ಕೋಣೆಯನ್ನು ಹಿಡಿಯಿರಿ. ಮೇಲಿನ ಕೋಣೆಗಳು ಎಲ್ಲವೂ ತುಂಬುವುದಿಲ್ಲ. ಹತ್ತಿದ ದಿನವೇ ಹೋಗಿ ಕೇಳಿ. ನಗುತ್ತ ಕೇಳಿ. ಒಳ್ಳೆಯ ಅಂಗಿ ಹಾಕಿಕೊಂಡಿರಿ. ಹಟ ಮಾಡಬೇಡಿ. ಅವರಾಗಿಯೇ ಮೇಲಕ್ಕೆ ಕಳಿಸುತ್ತಾರೆ. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಉಳಿದ ಮಾಲು ಕಾದು ನಿಂತವನ ಕೈಗೆ ಅಗ್ಗಕ್ಕೆ ಹೋಗುತ್ತದೆಂದು ವ್ಯಾಪಾರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವನು ಖುಷಿಯಿಂದಲೇ ಒಪ್ಪಿದ.

ಹಡಗು ಹತ್ತಿದವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಚೇರಿಗೆ ಹೋದ. ನಗುತ್ತ ಕೇಳಿದ. ಮೇಜಿನ ಹಿಂದಿದ್ದ ಹೆಂಗಸೂ ನಗುತ್ತಲೇ ಅವನ ಹೆಸರು ಬರೆದುಕೊಂಡಳು. ಕೋಣೆ ಖಾಲಿಯಾದರೆ ಬಂದು ಬಾಗಿಲು ತಟ್ಟುತ್ತೇವೆ ಎಂದಳು. ತಟ್ಟಿದಾಗ ನಾನು ಇಲ್ಲದಿದ್ದರೆ ಎಂದು ಅವನು ಕೇಳಿದ. ಪಟ್ಟಿಯಲ್ಲಿ ನಿಮ್ಮ ನಂತರದವರ ಬಾಗಿಲು ತಟ್ಟುತ್ತೇವೆ ಎಂದಳು.

ವ್ಯಾಪಾರಿ ಕೋಣೆಗೆ ಮರಳಿ ಬಾಗಿಲ ಪಕ್ಕದ ಮಂಚದ ಮೇಲೆ ಕೂತ. ಚೀಲ ಬಿಚ್ಚಲಿಲ್ಲ.

ಅದೇ ಕೋಣೆಯ ಇನ್ನೊಂದು ಮಂಚ ಒಬ್ಬ ನಿವೃತ್ತ ಬಸ್ ಕಂಡಕ್ಟರನದು. ಅವನು ಬಂದವನೇ ಮಾತು ಶುರು ಮಾಡಿದ. ಮೂವತ್ತು ವರ್ಷ ಬಸ್ಸಿನಲ್ಲಿ ಓಡಾಡಿದ್ದೇನೆ, ಒಂದು ದಿನವೂ ಕಿಟಕಿಯ ಸೀಟಿನಲ್ಲಿ ಕೂತವನಲ್ಲ, ಜನರ ಕೈಗಳನ್ನು ಬಿಟ್ಟು ಇನ್ನೇನನ್ನೂ ನೋಡಿದವನಲ್ಲ ಎಂದ. ತನ್ನ ಊರು ಹೇಳಿದ. ತನ್ನ ಹೆಸರು ಹೇಳಿದ. ಅಷ್ಟರಲ್ಲಿ ಹೊರಗೆ ಓಣಿಯಲ್ಲಿ ಹೆಜ್ಜೆ ಸಪ್ಪಳವಾಯಿತು. ವ್ಯಾಪಾರಿ ಸಪ್ಪಳ ಕೇಳಿಸಿಕೊಂಡ, ಹೆಸರು ಕೇಳಿಸಿಕೊಳ್ಳಲಿಲ್ಲ. ಹೆಜ್ಜೆ ಮುಂದಕ್ಕೆ ಹೋಯಿತು. ಇನ್ನೊಮ್ಮೆ ಹೇಳಿ ಎಂದು ಕೇಳಬಹುದಿತ್ತು. ಸಂಜೆಯೊಳಗೆ ಬಿಟ್ಟುಹೋಗುವ ಕೋಣೆಯಲ್ಲಿ ಅದರ ಅಗತ್ಯವೇನು ಎಂದು ಸುಮ್ಮನಾದ.

ಸಂಜೆಯೊಳಗೆ ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ.

ಹಡಗಿನ ಮುಂಭಾಗದಲ್ಲಿ, ಆಕಾಶದ ಕೆಳಗೆ, ಎಲ್ಲರಿಗೂ ಸೇರಿದ ದೊಡ್ಡ ಅಂಗಳವಿತ್ತು. ಅಲ್ಲಿ ಕಂಬಿಯ ಅಂಚಿಗೆ ಕುರ್ಚಿಗಳಿದ್ದವು. ಕೆಳಗಿನ ಅಂತಸ್ತಿನವರು, ಮೇಲಿನ ಅಂತಸ್ತಿನವರು ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ಕಂಡಕ್ಟರ್ ಬೆಳಿಗ್ಗೆ ಎದ್ದವನೇ ಅಲ್ಲಿಗೆ ಹೋಗಿ ಎರಡು ಕುರ್ಚಿ ಹಿಡಿಯುತ್ತಿದ್ದ. ಒಂದರಲ್ಲಿ ತಾನು ಕೂತು, ಇನ್ನೊಂದಕ್ಕೆ ತನ್ನ ಟವೆಲ್ ಹಾಸುತ್ತಿದ್ದ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವರ ಜಗಳವನ್ನು ಮೂವತ್ತು ವರ್ಷ ಬಿಡಿಸಿದವನು ಈಗ ತಾನೇ ಆ ಕೆಲಸಕ್ಕೆ ನಿಂತಿದ್ದ. ಊಟದ ಹೊತ್ತಿಗೆ ಕೆಳಗೆ ಬಂದು ವ್ಯಾಪಾರಿಗೆ ಇಡ್ಲಿಯನ್ನೋ ಬಾಳೆಹಣ್ಣನ್ನೋ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಕೊಟ್ಟು, ಅಂದು ಸಮುದ್ರ ಹೇಗಿತ್ತೆಂದು ಹೇಳುತ್ತಿದ್ದ. ಬೆಳಿಗ್ಗೆ ಬೂದಿಯ ಬಣ್ಣವಿತ್ತು. ಮಧ್ಯಾಹ್ನ ಹೊಸ ಸ್ಟೀಲ್ ತಟ್ಟೆಯ ಹಾಗೆ ಕಣ್ಣಿಗೆ ಹೊಡೆಯಿತು. ಮೀನುಗಳು ಹಾರಿದವು, ಒಂದೊಂದಾಗಿ, ಸ್ಟಾಪು ಬಂದಾಗ ಜನ ಇಳಿಯುವ ಹಾಗೆ. ವ್ಯಾಪಾರಿ ಬಾಗಿಲ ಕಡೆ ಕಿವಿಯಿಟ್ಟುಕೊಂಡೇ ಹೂಂಗುಟ್ಟುತ್ತಿದ್ದ. ಕೊಳ್ಳದ ಗಿರಾಕಿಯ ಮಾತಿಗೆ ಹೂಂಗುಟ್ಟಿ ಅವನಿಗೆ ಅಭ್ಯಾಸವಿತ್ತು.

ಮೂರನೆಯ ದಿನ ಕಂಡಕ್ಟರ್ ಕೋಣೆಗೆ ಬಂದು ತನ್ನ ಮಂಚದ ಮೇಲೆ ಕೂತ.

"ಯಜಮಾನ್ರೇ, ಒಂದು ಕೆಲಸ ಮಾಡಿ. ನಾನಿಲ್ಲಿ ಕೂತಿರ್ತೀನಿ, ಯಾರಾದ್ರೂ ಬಾಗಿಲು ತಟ್ಟಿದ್ರೆ ತೆಗೀತೀನಿ. ನೀವು ಒಂದು ಗಂಟೆ ಮೇಲೆ ಹೋಗಿ ಕೂತು ಬನ್ನಿ. ಟವೆಲ್ ಹಾಕಿದೀನಿ."

"ನೀವು ತೆಗೆದ್ರೆ ನಿಮಗೇ ಕೊಟ್ಟುಬಿಟ್ಟಾರು."

"ಕೊಡ್ಲಿ ಬಿಡಿ, ಆಗ ನೀವು ಬಂದು ನನ್ನ ಕಿಟಕೀಲಿ ಕೂತ್ಕೊಳ್ಳಿ. ಟಿಕೆಟ್ ಕೇಳಲ್ಲ."

ವ್ಯಾಪಾರಿ ನಗಲಿಲ್ಲ. ಗಲ್ಲಾದ ಮೇಲೆ ಇನ್ನೊಬ್ಬನನ್ನು ಕೂರಿಸು ಎಂದು ಹೇಳಿದ ಹಾಗೆ ಅವನಿಗೆ ಕೇಳಿಸಿತು. ಬೇಡ, ನನ್ನಿಂದ ನಿಮಗೆ ತೊಂದರೆ ಏಕೆ ಎಂದ. ಕಂಡಕ್ಟರ್ ಎದ್ದುಹೋದ. ಅಂದು ಊಟದ ಹೊತ್ತಿಗೆ ಬಾಳೆಹಣ್ಣು ಬಂತು, ಸಮುದ್ರದ ಸುದ್ದಿ ಬರಲಿಲ್ಲ. ವ್ಯಾಪಾರಿ ಹಣ್ಣು ತಿಂದ. ಏನೋ ಕಡಿಮೆಯಾದಂತೆ ಅನ್ನಿಸಿತು. ಉಪ್ಪಿರಬೇಕು ಎಂದುಕೊಂಡ. ಬಾಳೆಹಣ್ಣಿಗೆ ಉಪ್ಪು ಯಾರೂ ಹಾಕುವುದಿಲ್ಲ ಎಂದು ಆಮೇಲೆ ನೆನಪಾಯಿತು.

ಐದನೆಯ ದಿನ ಬಂತು. ಅಂದು ಸಂಜೆ ಆರಕ್ಕೆ ಹಡಗು ದಡ ಸೇರುವುದಿತ್ತು. ನಾಲ್ಕು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ನಡುವಿನ ಬಂದರಿನಲ್ಲಿ ಯಾರೋ ಇಳಿದುಹೋಗಿ ಮೇಲೊಂದು ಕೋಣೆ ತೆರವಾಗಿದೆ, ಇನ್ನು ಎರಡೇ ಗಂಟೆ, ಆದರೂ ಬೇಕೇ ಎಂದು ಕಚೇರಿಯವರು ಕೇಳಿದರು. ಬೇಕು ಎಂದ. ಕಂಡಕ್ಟರ್ ಕೋಣೆಯಲ್ಲಿರಲಿಲ್ಲ. ಒಂದು ಚೀಟಿ ಬರೆದಿಡೋಣವೆಂದು ವ್ಯಾಪಾರಿ ಕಾಗದ ತೆಗೆದ. ಮೇಲೆ ಯಾರಿಗೆ ಎಂದು ಬರೆಯಬೇಕೋ ತಿಳಿಯದೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹೊರಟ.

ಮೇಲಿನ ಕೋಣೆಯ ಕಿಟಕಿ ಗೋಡೆಯಷ್ಟೇ ದೊಡ್ಡದು. ಅದರ ಮುಂದೆ ಎರಡು ಕುರ್ಚಿ, ಎರಡು ಬಟ್ಟಲು. ವ್ಯಾಪಾರಿ ಒಂದು ಕುರ್ಚಿಯಲ್ಲಿ ಕೂತ. ಎದುರಿಗೆ ಸಮುದ್ರವಿತ್ತು. ಯಾರೂ ಮಾತಾಡಿಸಲಿಲ್ಲ.

ಸಮುದ್ರ ಕಂಡಕ್ಟರ್ ಹೇಳಿದ ಹಾಗೆಯೇ ಇತ್ತು. ಹೊಸ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಒಂದು ಮೀನು ಹಾರಿತು. ನೀವು ಹೇಳಿದ್ದು ಸರಿ ಎನ್ನಬೇಕೆಂದು ವ್ಯಾಪಾರಿ ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಖಾಲಿ ಕುರ್ಚಿಯಿತ್ತು. ಮೂವತ್ತೆರಡು ವರ್ಷ ಬೇಡಿಕೊಂಡ ಮೌನ ಇದೇ. ಅದು ಇಷ್ಟು ಉದ್ದವಿರುತ್ತದೆಂದು ಅವನು ಎಣಿಸಿರಲಿಲ್ಲ.

ಆಮೇಲೆ ಕೆಳಗೆ ನೋಡಿದ. ಕಿಟಕಿಯ ಕೆಳಗೇ ಹಡಗಿನ ಅಂಗಳವಿತ್ತು. ಕಂಬಿಯ ಅಂಚಿಗೆ ಕಂಡಕ್ಟರನ ಬೆನ್ನು ಕಂಡಿತು. ಪಕ್ಕದ ಕುರ್ಚಿಯ ಮೇಲೆ ಟವೆಲ್ ಇತ್ತು. ಇವನು ಮೇಲಕ್ಕೆ ಹೋದದ್ದು ಅವನಿಗೆ ತಿಳಿದಿರಲಿಲ್ಲ. ದಪ್ಪನೆಯವನೊಬ್ಬ ಬಂದು ಆ ಕುರ್ಚಿಯನ್ನು ತೋರಿಸಿ ಏನೋ ಕೇಳಿದ. ಕಂಡಕ್ಟರ್ ಇಲ್ಲವೆಂದು ತಲೆಯಾಡಿಸಿದ. ಗಂಡ ಹೆಂಡತಿ ಬಂದು ಕೇಳಿದರು. ಮತ್ತೆ ತಲೆಯಾಡಿಸಿದ. ಐದು ದಿನ ಹೀಗೆ ಎಷ್ಟು ಸಲ ತಲೆಯಾಡಿಸಿದ್ದನೋ.

ವ್ಯಾಪಾರಿ ಗಾಜು ತಟ್ಟಿದ. ಬಸ್ಸಿನ ತಗಡಾಗಿದ್ದರೆ ಕಂಡಕ್ಟರ್ ತಿರುಗುತ್ತಿದ್ದ. ಇದು ಹಡಗಿನ ಗಾಜು. ಸದ್ದು ಒಳಗೇ ಉಳಿಯಿತು.

ಕೋಣೆ ನೋಡಿಕೊಳ್ಳುವ ಹೆಂಗಸನ್ನು ಕರೆದ. ಕೆಳಗಿರುವ ನನ್ನ ಜೊತೆಗಾರನನ್ನು ಇಲ್ಲಿಗೆ ಕರೆಸಬೇಕು, ಇಲ್ಲಿ ಎರಡು ಕುರ್ಚಿಯಿದೆ ಎಂದ. ಧಾರಾಳವಾಗಿ ಕರೆಸಬಹುದು, ಮೆಟ್ಟಿಲ ಹತ್ತಿರದ ಪುಸ್ತಕದಲ್ಲಿ ಬರೆಯಲು ಅವರ ಹೆಸರು ಬೇಕು ಎಂದಳು. ವ್ಯಾಪಾರಿ ಕೆಳಗೆ ಬೆರಳು ತೋರಿದ. ಅಗೋ, ಟವೆಲ್ ಹಾಕಿಕೊಂಡು ಕೂತಿದ್ದಾರಲ್ಲ ಅವರು ಎಂದ. ಅವಳು ಬಗ್ಗಿ ನೋಡಿದಳು.

"ಅಲ್ಲಿ ಎಲ್ಲರೂ ಟವೆಲ್ ಹಾಕಿಯೇ ಕೂತಿದ್ದಾರೆ, ಸರ್. ನೀವೇ ಬಂದು ತೋರಿಸಿ, ಕರಕೊಂಡು ಬರ್ತೀನಿ."

ವ್ಯಾಪಾರಿ ಎದ್ದ. ಬಾಗಿಲವರೆಗೆ ಹೋದ. ಹಿಂತಿರುಗಿ ಕಿಟಕಿ ನೋಡಿದ. ಐದು ದಿನ ಕಾದು ಪಡೆದದ್ದು, ಉಳಿದಿರುವುದು ಒಂದು ಗಂಟೆ. ಈ ಮಂಡಿಯಲ್ಲಿ ಮೆಟ್ಟಿಲಿಳಿದು ಹತ್ತುವಷ್ಟರಲ್ಲಿ ಅದೂ ಮುಗಿಯುತ್ತದೆ. ದಡಕ್ಕೆ ಇಳಿದ ಮೇಲೆ ಹುಡುಕಿದರಾಯಿತು ಎಂದು ಹೇಳಿ ಅವಳನ್ನು ಕಳಿಸಿದ. ಮತ್ತೆ ಬಂದು ಕೂತ. ಅಲ್ಲಿಂದ ಅವನು ಸಮುದ್ರವನ್ನು ನೋಡಿದ್ದು ಕಡಿಮೆ.

ಹಡಗು ದಡ ಸೇರಿತು. ಮೇಲಿನ ಅಂತಸ್ತಿನವರನ್ನು ಮೊದಲು, ಬೇರೆ ಬಾಗಿಲಿನಿಂದ ಇಳಿಸಿದರು. ವ್ಯಾಪಾರಿ ಚೀಲ ಹಿಡಿದು ಇನ್ನೊಂದು ಬಾಗಿಲಿಗೆ ಸುತ್ತಿ ಬರುವಷ್ಟರಲ್ಲಿ ಅಲ್ಲಿಂದಲೂ ಜನ ಹೊರಬರತೊಡಗಿದ್ದರು. ಸಾವಿರಾರು ಜನ. ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು ಕಂಡಕ್ಟರನ ಬೆನ್ನು, ಬರುತ್ತಿದ್ದದ್ದು ಮುಖಗಳು. ಐದು ದಿನ ಬಾಗಿಲು ನೋಡುತ್ತಾ ಕೂತಿದ್ದರಿಂದ ಆ ಮುಖವನ್ನು ಅವನು ಸರಿಯಾಗಿ ನೋಡಿರಲಿಲ್ಲ. ಮೈಕಿನ ಮುಂದಿದ್ದವನ ಹತ್ತಿರ ಹೋಗಿ, ನನ್ನ ಜೊತೆಗಾರನನ್ನು ಕೂಗಿ ಕರೆಯಿರಿ ಎಂದು ಕೇಳಿಕೊಂಡ. ಏನೆಂದು ಕೂಗಲಿ ಎಂದು ಅವನು ಕೇಳಿದ.

ಜನವೆಲ್ಲ ಹೋದ ಮೇಲೆ ಬಾಗಿಲು ಹಾಕಿದರು. ವ್ಯಾಪಾರಿ ಅಲ್ಲೇ ನಿಂತಿದ್ದ. ಒಂದು ಜಾಗ ಬಿಟ್ಟು ಕದಲದೆ ಕಾಯುವುದು ಅವನಿಗೆ ಹೊಸದಲ್ಲ.

ಗುರುಗಳು ಕತೆ ನಿಲ್ಲಿಸಿ ಸಿಪ್ಪೆಯನ್ನು ಒಂದು ಕಡೆ ಒಟ್ಟು ಮಾಡಿದರು. ಶಿಷ್ಯನ ಕೈಯಲ್ಲಿದ್ದ ಕಾಯಿ ಹಾಗೆಯೇ ಇತ್ತು. ಅಡುಗೆಮನೆಯ ಹಿಂದಿನಿಂದ ಕೆಮ್ಮು ಕೇಳಿಸಿತು.

ಹಾಗಾದರೆ ಆ ಕೋಣೆಯನ್ನು ನಾನು ಕೇಳಬಾರದೇ ಎಂದು ಶಿಷ್ಯ ಮೆಲ್ಲಗೆ ಕೇಳಿದ.

ಗುರುಗಳು ಸೊಂಟದಿಂದ ಕೀಲಿ ತೆಗೆದು ಅವನ ಮುಂದಿಟ್ಟರು.

"ಕೇಳಬಾರದೆಂದು ಯಾರು ಹೇಳಿದರು? ತೆಗೆದುಕೊಂಡು ಹೋಗು. ಹೋಗುವ ಮುಂಚೆ, ಅಲ್ಲಿ ಕೆಮ್ಮುತ್ತಿದ್ದಾರಲ್ಲ, ಅವರ ಹೆಸರೊಂದು ನನಗೆ ಹೇಳಿ ಹೋಗು."