ಹೇರಿನವನು ಹಾಕಿದ ಜಾರುಗಂಟು

"ಅಜ್ಜಾರ, ಕೇಡು ತಡೆಯಬೇಕು ಅಂತಲೇ ಎಲ್ಲರ ಪತ್ರ ತೆರೆದು ನೋಡಿದರೆ ಅದು ತಪ್ಪಾಗುತ್ತದೆಯೆ?"

ಮಠದ ಸ್ವಾಮಿಗಳಾದ ಅಜ್ಜಾವರನ್ನು ಹೀಗೆ ಕೇಳಿದವನು ಚನ್ನವೀರ, ಅದೇ ಮಠದ ವಿದ್ಯಾರ್ಥಿನಿಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಶಿಷ್ಯ. ಹಿಂದಿನ ತಿಂಗಳು ಯಾರೋ ಒಬ್ಬ ನೀಚ, ನಿಲಯದ ಹುಡುಗಿಯೊಬ್ಬಳಿಗೆ ಇಮೇಲಿನಲ್ಲಿ ಹೊಲಸು ಚಿತ್ರ ಕಳಿಸಿ ಹೆದರಿಸಿದ್ದ. ಹುಡುಗಿ ಊಟ ಬಿಟ್ಟು ಮಂಕಾಗಿ ಕೂತಿದ್ದಳು. ಅದನ್ನು ಕಂಡಂದಿನಿಂದ ಚನ್ನವೀರ ಇದನ್ನು ತಡೆಯುವ ದಾರಿ ಹುಡುಕುತ್ತಿದ್ದ. ಇಮೇಲು ಒದಗಿಸುವ ಕಂಪನಿಯವರು, ಹೋಗುವ ಬರುವ ಪ್ರತಿಯೊಂದು ಪತ್ರವನ್ನೂ ಯಂತ್ರದಿಂದ ಓದಿಸುತ್ತೇವೆ, ನೀವು ಹೂಂ ಅನ್ನಿ ಸಾಕು ಎಂದಿದ್ದರು. ಮಠದ ವಕೀಲರು ಅಡ್ಡ ಬಂದಿದ್ದರು. ಅನುಮಾನ ಇರುವವನ ಪತ್ರವನ್ನು ನ್ಯಾಯಾಲಯದ ಅಪ್ಪಣೆ ತಂದು ನೋಡಬಹುದು, ಎಲ್ಲರದನ್ನೂ ನೋಡಲು ಕಾನೂನು ಬಿಡುವುದಿಲ್ಲ ಎಂಬುದು ಅವರ ಮಾತು.

"ಆ ಹುಡುಗಿಯ ಮುಖ ನೋಡಿದ್ದರೆ ವಕೀಲರು ಹಾಗೆ ಹೇಳುತ್ತಿರಲಿಲ್ಲ. ಕಾನೂನಿಗೆ ಕರುಳು ಇದೆಯೆ, ಅಜ್ಜಾರ?"

"ಕರುಳಿನ ಮಾತು ತೆಗೆದೆಯಾ? ಹಾಗಾದರೆ ಕರುಳಿದ್ದವನ ಕತೆಯನ್ನೇ ಕೇಳು ತಮ್ಮಾ. ನಡುವೆ ಬಾಯಿ ಹಾಕಬೇಡ," ಎಂದು ಅಜ್ಜಾವರು ಶುರು ಮಾಡಿದರು.

ಒಬ್ಬ ಹೇರಿನವನಿದ್ದ. ಎತ್ತುಗಳ ಮೇಲೆ ಉಪ್ಪು, ಬೆಲ್ಲ ಹೇರಿಕೊಂಡು ಊರಿಂದೂರಿಗೆ ಹೋಗುವುದು ಅವನ ಕಸುಬು. ದಾರಿಯಲ್ಲಿ ಸಿಗುವ ಊರುಗಳ ಹೆಂಗಸರು ತವರಿಗೆಂದು, ಮಗಳಿಗೆಂದು ಬುತ್ತಿ ಕಟ್ಟಿ ಅವನ ಕೈಗೆ ಕೊಡುತ್ತಿದ್ದರು. ಹೇಗೂ ಹೋಗುವವನೇ ತಾನೆ ಎಂದು ಅವನು ಕೂಲಿ ಕೇಳುತ್ತಿರಲಿಲ್ಲ. ಒಂದು ಹೊತ್ತು ರೊಟ್ಟಿ ಹಾಕಿದರೆ ಆಯಿತು. ಎಲ್ಲರಿಗೂ ಬೇಕಾದ ಮನುಷ್ಯ.

ಒಂದು ಸಲ ಒಬ್ಬ ಪಾಪಿ ತನ್ನ ದಾಯಾದಿಯ ಮನೆಗೆ ವಿಷ ಬೆರೆಸಿದ ಉಂಡೆ ಕಟ್ಟಿ, ತನ್ನ ಹೆಸರು ಹೇಳದೆ ಗುರುತಿಲ್ಲದ ಯಾರದೋ ಕೈಯಿಂದ ಕೊಡಿಸಿ ಕಳಿಸಿದ. ಹೇರಿನವನಿಗೇನು ಗೊತ್ತು? ಎಂದಿನಂತೆ ಮುಟ್ಟಿಸಿದ. ಆ ಮನೆಯ ಕೂಸು ಅದನ್ನು ತಿಂದು ಸತ್ತಿತು. ಹೇರಿನವನು ತನ್ನ ಎರಡೂ ಕೈ ನೋಡಿಕೊಂಡು ಅತ್ತ. ಈ ಕೈಯಿಂದಲೇ ಕೊಟ್ಟೆನಲ್ಲ ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡ. ಕಡೆಗೆ ಊರ ಹಿರಿಯರ ಮುಂದೆ ಹೋಗಿ ನಿಂತ. ಇನ್ನು ಮೇಲೆ ಎಲ್ಲರ ಬುತ್ತಿಯನ್ನೂ ಬಿಚ್ಚಿ ನೋಡಿಯೇ ಒಯ್ಯುತ್ತೇನೆ, ಅಪ್ಪಣೆ ಕೊಡಿ ಎಂದ.

"ಯಾರ ಮೇಲೆ ಅನುಮಾನವೋ ಅವರ ಬುತ್ತಿಯನ್ನು ನಮ್ಮ ಮುಂದೆ ತಂದಿಡು. ಅವರ ಎದುರಿಗೇ ಬಿಚ್ಚೋಣ," ಎಂದರು ಹಿರಿಯರು. "ಮಿಕ್ಕವರದನ್ನು ಮುಟ್ಟಬೇಡ. ಅವರು ನಿನಗೆ ಕೊಟ್ಟಿದ್ದು ಒಯ್ಯಲಿಕ್ಕೆ, ನೋಡಲಿಕ್ಕಲ್ಲ."

ಹೇರಿನವನಿಗೆ ಸಿಟ್ಟು ಬಂತು. ಕಟ್ಟೆಯ ಮೇಲೆ ಕೂತು ಮಾತಾಡುವ ಈ ಮುದುಕರಿಗೆ ಕರುಳೇ ಇಲ್ಲ ಎಂದುಕೊಂಡ. ಅವರಿಗೆ ಹೇಳದೆ ಬಿಚ್ಚತೊಡಗಿದ. ಮಧ್ಯಾಹ್ನ ಎತ್ತುಗಳನ್ನು ಮೇಯಲು ಬಿಟ್ಟು, ಮರದ ಮರೆಗೆ ಕೂತು ಒಂದೊಂದೇ ಬುತ್ತಿ ಬಿಚ್ಚುತ್ತಿದ್ದ. ಮೂಸಿ ನೋಡುತ್ತಿದ್ದ, ಮುರಿದು ನೋಡುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ಒಂದು ಕಾಳನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಯಾರ ಮನೆಯ ಬಡತನವನ್ನೂ ಇನ್ನೊಬ್ಬರ ಹತ್ತಿರ ಆಡಲಿಲ್ಲ. ಆ ವಿಷಯದಲ್ಲಿ ಅವನನ್ನು ಅನ್ನುವ ಹಾಗಿಲ್ಲ.

ಅಷ್ಟರಲ್ಲಿ ಹಿರಿಯರು ಕೂಸು ಸತ್ತ ಆ ಮನೆಯ ಮೇಲೆ ಯಾರಿಗೆ ಹಗೆ ಎಂದು ವಿಚಾರಿಸಿ, ವಿಷ ಹಾಕಿದವನನ್ನು ಹಿಡಿದರು. ಆದರೂ ಹೇರಿನವನು ಬಿಚ್ಚುವುದನ್ನು ಬಿಡಲಿಲ್ಲ. ನಾಳೆ ಇನ್ನೊಬ್ಬ ಹುಟ್ಟಿಕೊಂಡರೆ ಏನು ಗತಿ ಎಂಬ ಭಯ ಅವನಿಗೆ.

ಅವನು ಹೋಗುವ ಹಾದಿಯಲ್ಲಿ ಒಬ್ಬ ಸೊಸೆ ಇದ್ದಳು. ಗಂಡ ಹೊಡೆಯುತ್ತಿದ್ದ, ಅತ್ತೆ ಉಣಲಿಕ್ಕೆ ಹಾಕುತ್ತಿರಲಿಲ್ಲ. ಬಸುರಿ ಬೇರೆ. ತವರಿಗೆ ಬಾಯಲ್ಲಿ ಹೇಳಿ ಕಳಿಸೋಣವೆಂದರೆ ಅತ್ತೆ ಪಕ್ಕದಲ್ಲೇ ನಿಂತಿರುತ್ತಿದ್ದಳು. ಆದರೆ ಹೆತ್ತವಳು ಜಾಣೆ. ಗಂಡನ ಮನೆಗೆ ಕಳಿಸುವಾಗಲೇ ಮಗಳ ಕಿವಿಯಲ್ಲಿ ಒಂದು ಮಾತು ಹೇಳಿದ್ದಳು. ನನಗೆ ಬುತ್ತಿ ಕಳಿಸುವಾಗ, ಸುಖವಾಗಿದ್ದರೆ ಜಾರುಗಂಟು ಹಾಕು, ಎಳೆದರೆ ಬಿಚ್ಚಿಕೊಳ್ಳಲಿ. ತಡೆಯಲಾರದ ದಿನ ಬಂದರೆ ಕಗ್ಗಂಟು ಹಾಕು, ಅಂದೇ ನಿನ್ನ ಅಣ್ಣನನ್ನು ಗಾಡಿ ಕಟ್ಟಿಸಿ ಕಳಿಸುತ್ತೇನೆ.

ಆ ದಿನ ಬಂತು. ಮಗಳು ಅತ್ತೆಯ ಎದುರಿಗೇ ನಾಲ್ಕು ಉಂಡೆ ಇಟ್ಟು, ಬಟ್ಟೆಯ ತುದಿ ಬಿಗಿದು, ಕಗ್ಗಂಟು ಹಾಕಿ ಹೇರಿನವನ ಕೈಗೆ ಕೊಟ್ಟಳು. ಅತ್ತೆಗೆ ಕಂಡಿದ್ದು ಉಂಡೆ ಮಾತ್ರ.

ಮರದ ಮರೆಯಲ್ಲಿ ಹೇರಿನವನು ಆ ಬುತ್ತಿಯನ್ನೂ ಎತ್ತಿಕೊಂಡ. ಉಗುರಿನಿಂದ ಬರಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದ. ಒಳಗೆ ಉಂಡೆ. ಮೂಸಿದ, ಮುರಿದ, ವಿಷವಿರಲಿಲ್ಲ. ಮತ್ತೆ ಕಟ್ಟುವಾಗ ಅವನಿಗೆ ಆ ತಾಯಿಯ ನೆನಪಾಯಿತು. ಪಾಪ, ವಯಸ್ಸಾದ ಜೀವ, ಬೆರಳು ಬಾಗುವುದಿಲ್ಲ, ಇಂಥ ಗಂಟನ್ನು ಹೇಗೆ ಬಿಚ್ಚೀತು ಎಂದು ಮರುಗಿದ. ಎಳೆದರೆ ಬರುವಂಥ ಒಂದು ಜಾರುಗಂಟು ಹಾಕಿದ. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಎತ್ತುಗಳನ್ನು ಹೊಡೆದುಕೊಂಡು ಹೊರಟ.

ಗಂಡನ ಮನೆಯಲ್ಲಿ ಮಗಳು ಗಾಡಿಯ ಸದ್ದಿಗೆ ಕಿವಿಗೊಟ್ಟು ಕಾದಳು. ಯಾರೂ ಬರಲಿಲ್ಲ. ಹೆತ್ತವ್ವನೂ ಕೈಬಿಟ್ಟಳು ಎಂದುಕೊಂಡಾಗ ಅವಳ ಎದೆ ಒಡೆಯಿತು. ಒಂದು ದಿನ ಬೆನ್ನು ಬಾತು ಹೋಗುವ ಹಾಗೆ ಹೊಡೆತ ತಿಂದು, ಇನ್ನು ಇಲ್ಲಿದ್ದರೆ ಸಾಯುತ್ತೇನೆ ಎಂದು ತವರಿನ ದಾರಿ ಹಿಡಿದು ಒಬ್ಬಳೇ ನಡೆದಳು. ನಡುದಾರಿಯಲ್ಲಿ ಬಿದ್ದಳು. ತಿರುಗಿ ಬರುತ್ತಿದ್ದ ಹೇರಿನವನೇ ಅವಳನ್ನು ಕಂಡು, ಉಪ್ಪಿನ ಚೀಲ ದಾರಿಯಲ್ಲೇ ಇಳಿಸಿ, ಅವಳನ್ನು ಎತ್ತಿನ ಮೇಲೆ ಕೂರಿಸಿಕೊಂಡು ತವರಿಗೆ ಮುಟ್ಟಿಸಿದ.

"ಕಗ್ಗಂಟು ಹಾಕಿ ಕಳಿಸಿದೆನಲ್ಲ ಅವ್ವಾ, ಅಣ್ಣ ಯಾಕೆ ಬರಲಿಲ್ಲ?" ಎಂದಳು ಮಗಳು.

"ನನ್ನ ಕೈಗೆ ಬಂದದ್ದು ಜಾರುಗಂಟು ಮಗಳೇ. ಎಳೆದೆ, ಬಿಚ್ಚಿಕೊಂಡಿತು. ನೀನು ಸುಖವಾಗಿದ್ದೀ ಅಂತ ಓಣಿಗೆಲ್ಲ ಆ ಉಂಡೆ ಹಂಚಿದೆ."

ಬಾಗಿಲಲ್ಲಿ ನಿಂತಿದ್ದ ಹೇರಿನವನು ಒಳಗೆ ಬಂದ. ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದ. ಯಾರೂ ಅವನನ್ನು ಬಯ್ಯಲಿಲ್ಲ, ಬಯ್ಯುವ ಶಕ್ತಿ ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಮಗಳು ಬದುಕಿಕೊಂಡಳು. ಹೊಟ್ಟೆಯಲ್ಲಿದ್ದುದು ಉಳಿಯಲಿಲ್ಲ. ಒಂದು ಕೂಸಿನ ಸಂಕಟಕ್ಕೆ ಬಿಚ್ಚತೊಡಗಿದವನ ಕೈಯಲ್ಲಿ ಇನ್ನೊಂದು ಕೂಸು ಹೋಯಿತು.

ಅಜ್ಜಾವರು ಕತೆ ನಿಲ್ಲಿಸಿದರು. ಚನ್ನವೀರನ ಕಣ್ಣು ತೇವವಾಗಿತ್ತು. ನಿಲಯದ ಹುಡುಗಿಗಾಗಿಯೋ, ಹೇರಿನವನಿಗಾಗಿಯೋ ಅವನಿಗೇ ತಿಳಿಯಲಿಲ್ಲ.

"ಆದರೂ ಅವನು ಒಳ್ಳೆಯವನೇ ಅಲ್ಲವೆ, ಅಜ್ಜಾರ? ಕದಿಯಲಿಕ್ಕಂತೂ ಬಿಚ್ಚಲಿಲ್ಲವಲ್ಲ."

"ಅದೇ ನೋಡು ತಮ್ಮಾ," ಎಂದರು ಅಜ್ಜಾವರು, "ಕಳ್ಳನಾಗಿದ್ದರೆ ಸಿಕ್ಕಿಬೀಳಬಾರದು ಅಂತ ಕಗ್ಗಂಟನ್ನೇ ತಿರುಗಿ ಹಾಕಿರುತ್ತಿದ್ದ, ಅವಳ ಅಣ್ಣನ ಗಾಡಿ ಅಂದೇ ಹೊರಟಿರುತ್ತಿತ್ತು."